ಕೀಲ್ಪಾಕ್‌ನ ಜೀಪು ಸ್ಟಾರ್ಟ್ ಆಗದ ಕಾರಣ

ಕೊರೋನಾ ಗಲಾಟೆ ತಣ್ಣಗಾದ ಮರುವರ್ಷದ ಮಾತು. ಅಣ್ಣಾ ನಗರ್‌ನ ಒಂದು ಶೆಡ್ಡಿನಲ್ಲಿ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳನ್ನು ರಿಪೇರಿ ಮಾಡಿ ಮಾರಿಕೊಡುವುದು ನನ್ನ ಕೆಲಸ. ನಾನು ಕುಂದಾಪುರದಿಂದ ಚೆನ್ನೈಗೆ ಬಂದದ್ದು ಮಾವನ ಹೋಟೆಲಿಗೆ. ಆದರೆ ದೋಸೆ ಕಾವಲಿಗಿಂತ ಹೊರಗೆ ನಿಂತ ಜೀಪುಗಳ ಮೇಲೇ ಕಣ್ಣು. ಹೆಂಡತಿ ತೀರಿಹೋದ ಮೇಲೆ ವೆಸ್ಟ್ ಮಾಂಬಲಂನ ಮನೆಯಲ್ಲಿ ಒಬ್ಬನೇ ಇದ್ದೆ. ದಿನವಿಡೀ ತಮಿಳು. ಚೆನ್ನೈಯಲ್ಲೇ ಬೆಳೆದ ಅಣ್ಣನ ಮಕ್ಕಳನ್ನು ಕನ್ನಡದಲ್ಲಿ ಕೇಳಿದರೂ ಉತ್ತರ ತಮಿಳಲ್ಲೇ ಬರುತ್ತಿತ್ತು. ಕನ್ನಡ ಕಿವಿಗೆ ಬೀಳಬೇಕೆಂದರೆ ನನ್ನನ್ನು ನಾನೇ ಬೈದುಕೊಳ್ಳಬೇಕಿತ್ತು.

ಹಾಗಿರುವಾಗ ಒಂದು ಫೋನ್ ಬಂತು. "ಸದಾಶಿವ ಅವ್ರಾ? ಕೀಲ್ಪಾಕಿಂದ ಲೀಲಾವತಿ ಅಂತ. ನನ್ದೊಂದು ಹಳೇ ಜೀಪಿದೆ, ಮಾರ್ಕೊಡ್ತೀರಾ?" ಅಪ್ಪಟ ಮೈಸೂರು ಕಡೆಯ ಮಾತು. ಸುಮ್ಮನೆ ಹೂಂ ಅನ್ನುವ ಬದಲು ಗಾಡಿಯ ಬಗ್ಗೆ ಬೇಕಾದ್ದು ಬೇಡದ್ದು ಎಲ್ಲ ಕೇಳಿದೆ.

ಲೀಲಾವತಿ ಮೇಡಂ ನಿವೃತ್ತ ಭೂವಿಜ್ಞಾನಿ. ಮದುವೆಯಾದವರಲ್ಲ. ಕಲ್ಲು ಹುಡುಕಿಕೊಂಡು ಗುಡ್ಡ ಗುಡ್ಡ ತಾವೇ ಜೀಪು ಓಡಿಸಿದವರು. ಈಗ ಅಪಾರ್ಟ್‌ಮೆಂಟಿನವರು ಪಾರ್ಕಿಂಗ್ ಅಗೆದು ನೀರಿನ ಟ್ಯಾಂಕ್ ಕಟ್ಟಿಸಲು ಹೊರಟಿದ್ದರು. ತಿಂಗಳೊಳಗೆ ಗಾಡಿ ತೆಗೆಯದಿದ್ದರೆ ಎಳೆದು ಗುಜರಿಗೆ ಹಾಕುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿದ್ದರಂತೆ. "ಮಾರೋದು ಬೇಕಾದ್ರೆ ಮಾರ್ತೀನಿ. ಗುಜರಿಗೆ ಮಾತ್ರ ಕೊಡಲ್ಲ ಕಣ್ರೀ," ಎಂದರು.

ಇಂಥ ಗಾಡಿಗೆ ಮೊದಲು ಬಣ್ಣ ಬಳಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಣ್ಣ ಕಡೆಗಿರಲಿ, ಮೊದಲು ಗಾಡಿಯಡಿ ತೂರಿ ಛಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು ನೋಡಿ. ಚೆನ್ನೈಯ ಉಪ್ಪುಗಾಳಿ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಸ್ಪ್ಯಾನರಿನಿಂದ ತಟ್ಟಿದರೆ ಗಟ್ಟಿ ಕಡೆ ಠಣ್ ಎನ್ನುತ್ತದೆ, ತುಕ್ಕು ಹಿಡಿದ ಕಡೆ ಟೊಳ್ಳು ಸದ್ದು. ಆಮೇಲೆ ಟ್ರಾನ್ಸ್‌ಫರ್ ಕೇಸ್, ಅಂದರೆ ಎಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೂ ಹಂಚುವ ಪೆಟ್ಟಿಗೆ. ಅದರ ಎಣ್ಣೆ ಬದಲಿಸಿ, ನಾಲ್ಕೂ ಚಕ್ರ ಎಳೆಯುತ್ತವೋ ಇಲ್ಲವೋ ಎಂದು ಮರಳಿನ ಮೇಲೆ ನೋಡಬೇಕು. ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಲಿವರ್ ಎಳೆದು ಪರೀಕ್ಷೆ ಮಾಡಿದರೆ ಗೇರುಗಳು ಬಿಗಿದುಕೊಳ್ಳುತ್ತವೆ. ಮೇಡಂ ಜೀಪು ಇದೆಲ್ಲದರಲ್ಲೂ ಪಾಸಾಯಿತು. ಕೀಲಿ ಒಮ್ಮೆ ತಿರುಗಿಸಿದರೆ ಸಾಕು, ಎಂಜಿನ್ ಎದ್ದು ಕೂರುತ್ತಿತ್ತು.

ಮೊದಲ ಗಿರಾಕಿ ಕೀಲ್ಪಾಕ್‌ನ ಪಾರ್ಕಿಂಗಿಗೆ ಬಂದ ದಿನ ಮಾತ್ರ ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ಡೀಸೆಲ್ ಪೈಪಿಗೆ ಗಾಳಿ ಹೊಕ್ಕು ಎಂಜಿನ್ನಿಗೆ ಡೀಸೆಲ್ ಹೋಗುತ್ತಿರಲಿಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಪಂಪು ಒತ್ತಿ, ಗುಳ್ಳೆ ನಿಂತ ಮೇಲೆ ಬಿಗಿ ಮಾಡಿದೆ. ಅಷ್ಟರಲ್ಲಿ ಗಿರಾಕಿ ಹೋಗಿಯಾಗಿತ್ತು. ಮೇಡಂ ಕಾಫಿ ತಂದುಕೊಟ್ಟರು. ಜೀಪಿಗೆ ಒರಗಿ ನಿಂತು ಸಂಜೆವರೆಗೂ ಮಾತಾಡಿದೆವು. ಎರಡನೇ ಗಿರಾಕಿ ಬಂದಾಗಲೂ ಅದೇ ಗಾಳಿ, ಅದೇ ಕಾಫಿ. ಮೂರನೆಯವನು ಹೋದ ಮೇಲೆ ನನಗೆ ರೇಗಿತು. ವಾಷರ್ ಹೊಸದು, ಪೈಪು ಹೊಸದು. ಗಾಳಿ ಎಲ್ಲಿಂದ ಬರಬೇಕು ಮಾರಾಯ್ರೆ! ಫಿಲ್ಟರಿನ ಸ್ಕ್ರೂ ತಲೆಯ ಮೇಲೆ ನನ್ನದಲ್ಲದ ಸ್ಪ್ಯಾನರಿನ ಗೀರು ಹೊಳೆಯುತ್ತಿತ್ತು. ಮೇಡಂ ಕೊಟ್ಟ ಕಾಫಿ ಲೋಟ ಡೀಸೆಲ್ ನಾರುತ್ತಿತ್ತು.

"ಸ್ಕ್ರೂ ಸಡಿಲ ಮಾಡುದು ನೀವೇ ಅಲ್ದಾ ಮೇಡಂ?" ಎಂದೆ.

ಅವರು ಸೆರಗಿನಲ್ಲಿ ಬೆರಳು ಒರೆಸಿಕೊಂಡರು. "ಗಾಡಿ ಹೋದ್ಮೇಲೆ ನೀವ್ಯಾಕ್ರೀ ಬರ್ತೀರಾ ಇಲ್ಲಿಗೆ? ಈ ಬಿಲ್ಡಿಂಗಲ್ಲಿ ನನ್ನನ್ನ ಮಾತಾಡ್ಸೋರು ಯಾರಿದ್ದಾರೆ?"

ಬೈಯಲು ನನಗೆಲ್ಲಿ ಮುಖ? ಪ್ರತಿ ಸಲ ಅವರ ಫೋನ್ ಬಂದಾಗ ಶೆಡ್ಡಿನ ಕೆಲಸ ಅರ್ಧಕ್ಕೆ ಬಿಟ್ಟು, ಅಂಗಿ ಬದಲಿಸಿಕೊಂಡು ಓಡಿ ಬರುತ್ತಿದ್ದವನು ನಾನೇ ಅಲ್ಲವೇ? ಆದರೆ ಟ್ಯಾಂಕ್ ಅಗೆಯುವವರು ಆಗಲೇ ನೆಲಕ್ಕೆ ಸುಣ್ಣದ ಗೆರೆ ಎಳೆದಿದ್ದರು. "ಇನ್ನೊಂದ್ಸಲ ಸ್ಕ್ರೂ ಮುಟ್ಟಿದ್ರೆ ಗಾಡಿ ಗುಜರಿಗೇ ಹೋಪುದು, ನೋಡಿ," ಎಂದಷ್ಟೇ ಹೇಳಿದೆ. ಅವರು ಒಳಗೆ ಹೋಗಿ ತಮ್ಮ ಸ್ಪ್ಯಾನರ್ ತಂದು ನನ್ನ ಕೈಗಿಟ್ಟರು.

ನಾಲ್ಕನೆಯವರು ಯೇಲಗಿರಿ ಬೆಟ್ಟದಲ್ಲಿ ಹಾಲಿನ ಕ್ಯಾನ್ ಸಾಗಿಸುವವರು. ಅವರಿಗೆ ಬೇಕಾದದ್ದು ಹೊಳಪಲ್ಲ, ಏರು ಹತ್ತುವ ತಾಕತ್ತು. ಮೇಡಂ ಪಕ್ಕದಲ್ಲಿ ಕೂತು ಲಿವರ್ ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಎಂದು ತಮಿಳಿನಲ್ಲಿ ಹೇಳಿಕೊಟ್ಟರು. ಜೀಪು ಗೇಟು ದಾಟಿತು. "ಚೆನ್ನಾಗೇ ಓಡ್ತಿದೆ," ಎಂದರು, ನನ್ನ ಕಡೆ ನೋಡದೆ. ನನಗೆ ಅಳು ಬಂದಿತ್ತು, ಆಚೆ ತಿರುಗಿದೆ.

ಮುಂದಿನ ಶನಿವಾರ ಕೀಲ್ಪಾಕ್‌ಗೆ ಹೋದೆ. "ವಂಡಿದಾನ್ ಪೋಯಿಡುಚ್ಚೇ ಸಾರ್," ಗಾಡಿಯೇ ಹೋಯ್ತಲ್ಲ ಎಂದ ವಾಚ್‌ಮನ್. ಮೆಟ್ಟಿಲು ಹತ್ತಿದೆ. ಮೇಡಂ ಬಾಗಿಲು ತೆಗೆದು ಸ್ಪ್ಯಾನರಿಲ್ಲದ ನನ್ನ ಖಾಲಿ ಕೈ ನೋಡಿದರು. ಆಮೇಲೆ, ಮೊದಲ ಬಾರಿಗೆ, ಒಳಗೆ ಬನ್ನಿ ಎಂದರು.

ಹಳೆ ಗಾಡಿ ಮಾರಿಕೊಡುವವರಿಗೆ ನಾನು ಹೇಳುವುದು ಇಷ್ಟೇ. ವ್ಯವಹಾರ ಮುಗಿದ ಮೇಲೂ ಒಮ್ಮೆ ಮಾರಿದವರ ಮನೆಗೆ ಹೋಗಿ ಬನ್ನಿ. ಕೊಂಡವರು ಗಾಡಿ ಕೆಟ್ಟರೆ ಹೇಗೂ ಫೋನ್ ಮಾಡುತ್ತಾರೆ. ಮಾರಿದವರಿಗೆ ಫೋನ್ ಮಾಡಲು ಯಾವ ನೆಪವೂ ಉಳಿದಿರುವುದಿಲ್ಲ.