ನೀರು ಸವರದ ರೊಟ್ಟಿ

ಅಕ್ಕವ್ವಾ, ಬಾಳೂ, ಪುಸ್ತಕ ಹಿಡಿದಾಗ ಈ ಅಜ್ಜಿ ಹುಬ್ಬು ಗಂಟು ಹಾಕುತ್ತಾಳೆಂದು ನೀವಿಬ್ಬರೂ ನಗುತ್ತೀರಿ. ಆ ಗಂಟು ಬಿದ್ದದ್ದು ಧಾರವಾಡದ ಕಾಲೇಜಿನಲ್ಲಿ, ಮೊದಲ ವರ್ಷ. ಎದುರು ಕೂತು ಹೇಳಲು ನನಗೆ ಸಂಕೋಚ, ಅದಕ್ಕೆ ಬರೆಯುತ್ತಿದ್ದೇನೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಮ್ಮಿನಬಾವಿಯ ಸಾಲೆಯಲ್ಲಿ ಕಲಿತ ನನ್ನನ್ನು ಅಪ್ಪ ಧಾರವಾಡದಲ್ಲಿ ತನ್ನ ತಮ್ಮ, ನನ್ನ ಕಾಕಾನ ಮನೆಯಲ್ಲಿ ಬಿಟ್ಟುಹೋದ. ಕಾಕಾ ಮೊದಲ ದಿನವೇ ಹೇಳಿಬಿಟ್ಟ: “ಕಾಲೇಜಿನಿಂದ ಒಂದ ತಕರಾರು ಬರ್ಲಿ, ಅವತ್ತ ನಿನ್ನ ಟ್ರಂಕು ಬಸ್ಸಿನ ಮ್ಯಾಲ.”

ಆಗ ಹುಡುಗಿಯರು ಮೊದಲೇ ಹೋಗಿ ಕ್ಲಾಸಿನಲ್ಲಿ ಕೂರುವಂತಿರಲಿಲ್ಲ. ಹೊರಗೆ ನಿಂತು ಕಾಯ್ದು, ಸರ್ ಬಂದ ಮೇಲೆ ಅವರ ಹಿಂದೆ ಸಾಲಾಗಿ ಹೋಗಿ ಮೊದಲ ಬೆಂಚಿನಲ್ಲಿ ಕೂರಬೇಕು. ಮುಗಿದ ಮೇಲೆ ಅವರ ಹಿಂದೆಯೇ ಹೊರಡಬೇಕು. ನಾನು ಎಷ್ಟೋ ತಿಂಗಳು ಒಂದು ಮಾತೂ ಆಡದೆ ಹೀಗೆ ಹೋಗಿ ಬಂದೆ.

ಆದರೆ ಒಳಗೆ ಸುಮ್ಮನಿರಲಿಲ್ಲ. ಊರ ಸಾಲೆಯಲ್ಲಿ ಪಾಠ ಅಂದರೆ ಬರೆದದ್ದೇ ಪಾಠ. ಇಲ್ಲಿ ಕನ್ನಡದ ಸರ್ ಪ್ರತಿ ಪುಟಕ್ಕೂ “ಲೇಖಕರು ಹೇಳೂದು ಇದಲ್ಲ, ಬ್ಯಾರೇನೋ ಐತಿ” ಅನ್ನುವರು. ದೀಪ ಅಂದರೆ ದೀಪವಲ್ಲವಂತೆ, ಹೊಳೆ ಅಂದರೆ ಹೊಳೆಯಲ್ಲವಂತೆ. ಬೇರೆ ಇದ್ದರೆ ಅದನ್ನೇ ಯಾಕೆ ಬರೆಯಲಿಲ್ಲ? ಬರೆದವರು ಮುಚ್ಚಿಟ್ಟದ್ದು ಸರ್‌ಗೆ ಹೇಗೆ ತಿಳಿಯಿತು? ಹಾಲಿನವಳ ಚರಿಗೆಯನ್ನು ಕಾಕಾನ ಹೆಂಡತಿ ಕಾಕು ಬಗ್ಗಿ ನೋಡುವಂತೆ ನಾನು ಪುಸ್ತಕವನ್ನು ನೋಡತೊಡಗಿದೆ. ಎಲ್ಲೋ ನೀರು ಬೆರೆತಿದೆ ಎಂಬ ಗುಮಾನಿ.

ಅಷ್ಟರಲ್ಲಿ ಒಂದು ಕತೆ ಪಾಠಕ್ಕೆ ಬಂತು. ತಾಯಿಯೊಬ್ಬಳು ರೊಟ್ಟಿ ಬಡಿಯುತ್ತಿರುತ್ತಾಳೆ. ಮಗಳು ಗಂಡನ ಮನೆಯಲ್ಲಿ ತೀರಿಕೊಂಡಳೆಂದು ಬಾಗಿಲಲ್ಲಿ ನಿಂತು ಯಾರೋ ಹೇಳುತ್ತಾರೆ. ಅವಳು ಏಳುವುದಿಲ್ಲ, ಅಳುವುದಿಲ್ಲ, ಬಡಿಯುತ್ತಲೇ ಇರುತ್ತಾಳೆ. ಹಂಚಿನ ಮೇಲಿನ ರೊಟ್ಟಿ ಬಿರಿಯುತ್ತದೆ. ಕತೆ ಅಲ್ಲಿಗೆ ಮುಗಿಯಿತು.

“ಕಲ್ಲು ಮನಸ್ಸಿನ ಹೆಣ್ಣು. ಬರಕೊಳ್ರಿ,” ಅಂದರು ಸರ್. ಎಲ್ಲರೂ ಬರೆದುಕೊಂಡೆವು.

ಆ ಸಂಜೆ ಕಾಕಾನ ಮನೆಯಲ್ಲಿ ರೊಟ್ಟಿ ಬಡಿಯುವಾಗ ನನ್ನ ಕೈ ನಿಂತಿತು. ಜೋಳದ ರೊಟ್ಟಿ ಸುಮ್ಮನೆ ಬಿರಿಯುವುದಿಲ್ಲ. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಅರಿವೆಯಿಂದ ನೀರು ಸವರಬೇಕು. ಮರೆತರೆ ಒಣಗಿ ಬಿರಿಯುತ್ತದೆ. ಹತ್ತು ವರ್ಷದ ಹುಡುಗಿಯೂ ಮರೆಯದ ಕೆಲಸ ಅದು. ಆ ತಾಯಿ ಮರೆತಿದ್ದಾಳೆ. ಹಾಗಾದರೆ ಕಲ್ಲು ಮನಸ್ಸು ಎಲ್ಲಿಂದ ಬಂತು?

ಮನೆಯಲ್ಲಿ ಬರೆದು ತರಲು ಸರ್ ಹೇಳಿದ್ದ ಪ್ರಬಂಧದಲ್ಲಿ ಇದನ್ನೇ ಬರೆದೆ. ಮಾತಾಡಲು ಹೆದರಿಕೆ, ಬರೆಯಲು ಇರಲಿಲ್ಲ.

ಎರಡು ದಿನ ಕಳೆದ ಮೇಲೆ ಸರ್ ಕ್ಲಾಸಿನಲ್ಲಿ ನನ್ನನ್ನು ನಿಲ್ಲಿಸಿದರು. ಕೈಯಲ್ಲಿ ನನ್ನ ಹಾಳೆ.

“ಯಾರು ಬರದು ಕೊಟ್ರು ತಂಗಿ ಇದನ್ನ?”

“ನಾನ ಬರದೇನ್ರಿ.”

“ಆರು ತಿಂಗಳಿಂದ ಬಾಯಿ ತಗದಾಕಿ ಅಲ್ಲ ನೀ. ಖರೇ ಹೇಳು, ಇಲ್ಲಾಂದ್ರ ನಿಮ್ಮ ಕಾಕಾಗ ಪತ್ರ ಬರೀತೀನಿ.”

ಪತ್ರ ಅಂದರೆ ಟ್ರಂಕು. ಪುಸ್ತಕವನ್ನು ನಾನು ನಂಬಿರಲಿಲ್ಲ, ಈಗ ನನ್ನನ್ನೇ ಯಾರೂ ನಂಬುತ್ತಿಲ್ಲ. ಬೆಂಚಿನ ಮೇಲೆ ಎಡಗೈಯನ್ನು ರೊಟ್ಟಿಯಂತೆ ಹರಡಿ, ಬಲಗೈಯಿಂದ ಅದರ ಮೇಲೆ ಸವರಿ ತೋರಿಸಿದೆ. “ಹಿಂಗ ನೀರ ಹಚ್ಚಬೇಕ್ರೀ ಸರ್. ಆಕಿ ಹಚ್ಚಿಲ್ರಿ. ಆಕಿ ಕೈಯಾಗ ಜೀವ ಇದ್ದಿಲ್ರಿ.”

ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: “ಸರ್, ನಾಳೆ ಹಂಚು, ಒಲಿ ತರೂಣೇನ್ರಿ?” ಇನ್ನೊಬ್ಬ, “ಪಲ್ಯಾನೂ ಇರ್ಲಿ!” ಎಲ್ಲರೂ ನಕ್ಕರು. ಸರ್ ನಗಲಿಲ್ಲ. ಹಾಳೆ ಮಡಿಚಿ ಜೇಬಿನಲ್ಲಿಟ್ಟುಕೊಂಡು, “ಮನ್ಯಾಗ ಕೇಳ್ತೀನಿ,” ಅಂದರು. ಯಾರ ಮನೆಯಲ್ಲಿ? ಕಾಕಾನ ಮನೆಯಲ್ಲೋ ಏನೋ ಎಂದು ಆ ಸಂಜೆಯೆಲ್ಲ ಬಾಗಿಲು ಸಪ್ಪಳವಾದಾಗಲೊಮ್ಮೆ ಬೆಚ್ಚಿದೆ.

ಮರುದಿನ ಅವರ ಹಿಂದೆ ಒಳಗೆ ಹೋಗುವಾಗ ಸರ್ ಹೊಸ್ತಿಲಲ್ಲಿ ನಿಂತು, ನನಗಷ್ಟೇ ಕೇಳುವಂತೆ ಹೇಳಿದರು: “ನಮ್ಮ ಮನಿಯವ್ರನ್ನ ಕೇಳಿದೆ. ‘ಇಷ್ಟ ವರ್ಷ ಇದನ್ನ ಕಲಸೀರಿ, ಒಮ್ಮೆರೆ ಅಡಿಗಿ ಮನ್ಯಾಗ ಬಂದು ಕೇಳಬಾರದಿತ್ತೇನ್ರಿ’ ಅಂದ್ರು. ಪತ್ರ ಬರಿಯೂದಿಲ್ಲ. ಕೂಡು ಹೋಗು.”

ನಾನು ಕೂತೆ. ವರ್ಷ ಮುಗಿಯುವವರೆಗೂ ಕೂತೆ, ಪಾಸಾದೆ.

ಒಂದು ಸಂಶಯ ಮಾತ್ರ ಹೋಗಲಿಲ್ಲ. ಬರೆದವನು ಗಂಡಸು. ನೀರು ಸವರುವ ಸಂಗತಿ ಅವನಿಗೆ ಗೊತ್ತಿತ್ತೇ, ಇಲ್ಲ ರೊಟ್ಟಿ ತಾನಾಗಿ ಬಿರಿಯುತ್ತದೆಂದೇ ತಿಳಿದಿದ್ದನೇ? ಗಂಡಸರಿಗೆ ಇದು ಗೊತ್ತಿರುತ್ತದೆಯೇ ಎಂದು ನಿಮ್ಮ ಅಜ್ಜ ಬದುಕಿದ್ದಾಗ ಅವರನ್ನೇ ಕೇಳಬಹುದಿತ್ತು, ನಾಚಿಕೆಯಾಗಿ ಕೇಳಲಿಲ್ಲ. ನಿಮಗೆ ತಿಳಿದರೆ ಕೆಳಗೆ ಬರೆದಿಡಿ, ಅದಕ್ಕೇ ಅರ್ಧ ಹಾಳೆ ಖಾಲಿ ಬಿಟ್ಟಿದ್ದೇನೆ. ಈ ಹಾಳೆಗಳನ್ನು ರೇಷನ್ ಕಾರ್ಡಿನ ಡಬ್ಬಿಯಲ್ಲಿ ಇಡಿರಿ. ಅದರೊಳಗಿನ ಕಾಗದವನ್ನು ನಮ್ಮ ಮನೆಯಲ್ಲಿ ಯಾರೂ ರದ್ದಿಗೆ ಹಾಕುವುದಿಲ್ಲ.