ಹೋಲ್ಡಾನ್

ನನಗೆ ಬರುವ ಇಂಗ್ಲಿಷು ಒಂದೇ ಮಾತು: ಹೋಲ್ಡಾನ್. ಕಲಿಸಿದ್ದು ಸಾಲಿಯಲ್ಲ, ಹೊಸಪೇಟೆಯ ಮೋಟಾರು ಬಸ್ಸಿನ ಕಂಡಕ್ಟರು. ಅವನು ‘ರೈಟ್’ ಅಂದರೆ ಬಸ್ಸು ಹೊರಡುತ್ತದೆ, ‘ಹೋಲ್ಡಾನ್’ ಅಂದರೆ ನಿಲ್ಲುತ್ತದೆ. ನನಗೆ ಹಿಡಿಸಿದ್ದು ಎರಡನೆಯದು. ಮನೆಯಲ್ಲಿ ಅದಕ್ಕೆ ಬಿಡುವೇ ಇಲ್ಲ. ತುಪ್ಪದ ಗಿಂಡಿ ಮತ್ತೆ ಬಗ್ಗಿಸುವ ಗಂಡನಿಗೆ ಹೋಲ್ಡಾನ್. ಸಾರಿಗೆ ನೀರು ಸುರಿಯುವ ಸೊಸೆಗೆ ಹೋಲ್ಡಾನ್. ಬಣವೆಗೆ ಬಾಯಿ ಹಾಕುವ ಎಮ್ಮೆಗೂ ಅದೇ. ಅದೊಂದು ಮಾತ್ರ ಕೇಳುವುದಿಲ್ಲ. ಸಾಲಿ ಮಾಸ್ತರರು, ಅದರ ಅರ್ಥ ‘ಗಟ್ಟಿ ಹಿಡಕೋ’ ಎಂದು ತಿದ್ದಿದರು. ಇರಲಿ. ಗಟ್ಟಿ ಹಿಡಿದರೆ ಯಾವುದಾದರೂ ನಿಲ್ಲಲೇಬೇಕಲ್ಲ.

ನಮ್ಮಲ್ಲಿ ಊರಿಗೆ ಹೊರಟವರನ್ನು ಹಿಂದಿನಿಂದ ಕರೆಯುವಂತಿಲ್ಲ. ಕರೆದರೆ ಅವರಿಗೆ ಕೇಡು. ಬುತ್ತಿ ಮರೆತು ಹೊರಟರೂ ನಾವು ಬಾಯಿ ಮುಚ್ಚಿಕೊಂಡು ನಿಂತಿರಬೇಕು. ಈ ಶಾಸ್ತ್ರದಲ್ಲಿ ನನ್ನ ಅತ್ತೆ ಭಾಳ ಕಟ್ಟುನಿಟ್ಟು.

ಒಮ್ಮೆ ಮಗಳು ಗಂಗವ್ವ ಬಳ್ಳಾರಿಗೆ, ಗಂಡನ ಮನೆಗೆ ಹೊರಟಿದ್ದಳು. ಅತ್ತೆ, ನಾನು ಬಸ್ಸಿನ ತನಕ ಹೋಗಿದ್ದೆವು. ಗಂಗವ್ವ ಒಳಗೆ ಕೂತು ಗಂಟುಗಳನ್ನು ಜೋಡಿಸುತ್ತಿದ್ದಳು. ತನ್ನ ಪುಟ್ಟ ಮಗಳು ಪಾರಿ ಪಕ್ಕದಲ್ಲೇ ಇದ್ದಾಳೆಂದು ಅವಳ ಲೆಕ್ಕ. ಕಂಡಕ್ಟರು ‘ರೈಟ್’ ಅಂದ. ಬಗ್ಗಿ ನೋಡುತ್ತೇನೆ, ಪಾರಿ ಹಿಂದಿನ ಗಾಲಿಯ ಮುಂದೆ, ನೆರಳಲ್ಲಿ, ಉಚ್ಚೆಗೆ ಕೂತಿದ್ದಾಳೆ!

‘ಏ ಗಂಗೀ’ ಎಂದು ಬಾಯಿ ತೆರೆದೆ. ಏನನ್ನೂ ಕಂಡಿರದ ಅತ್ತೆ ನನ್ನ ಬಾಯಿಗೆ ಕೈ ಒತ್ತಿದರು. “ಕರೀಬ್ಯಾಡಲೇ, ಹೊಂಟಾಕಿಗೆ ಕೇಡು!”

ಕೈ ಕಿತ್ತೊಗೆದು ಕೂಗಿದೆ: “ಹೋಲ್ಡಾನ್!”

ಬಸ್ಸು ಗಕ್ಕನೆ ನಿಂತಿತು.

“ಏನವ್ವಾ, ನನ್ನ ನೌಕರಿ ನಿನಗ ಬೇಕೇನು?” ಎಂದು ಕಂಡಕ್ಟರು ಇಳಿದು ಬಂದ.

“ಮೊದ್ಲು ಗಾಲಿ ನೋಡಪಾ.”

ನೋಡಿದ. ಬಗ್ಗಿ ಕೂಸನ್ನು ಎತ್ತಿಕೊಂಡ. ಅವನ ಕೈಯಲ್ಲಿ ಪಾರಿ ಒದ್ದಾಡಿದಳು: “ಬಿಡು, ಇನ್ನಾ ಮುಗದಿಲ್ಲ!” ಗಂಗವ್ವ ಅಳುತ್ತಾ ಮಗಳ ಬೆನ್ನಿಗೊಂದು ಗುದ್ದಿ ಅಪ್ಪಿಕೊಂಡಳು.

ಬಸ್ಸು ಹೋಯಿತು. ಅತ್ತೆಗೆ ಮಾತ್ರ ನೆಮ್ಮದಿಯಿಲ್ಲ.

“ಖರೇ ಹೇಳು, ನೀ ಕರದಿದ್ದು ಯಾರನ್ನ?”

“ಬಸ್ಸನ್ನ ಕರದೀನ್ರಿ, ಅತ್ತಿ.”

“ಹಂಗಾರ ಕೇಡೂ ಬಸ್ಸಿಗೇ ಹತ್ತಲಿ.”

ಮರುದಿನ ಸುದ್ದಿ ಬಂತು. ಪಾಪಿನಾಯಕನಹಳ್ಳಿ ಮುಟ್ಟುವ ಮೊದಲೇ ಬಸ್ಸು ಹೊಗೆ ಕಾರಿ ಕೆಟ್ಟು ನಿಂತಿತ್ತಂತೆ. ತಾಯಿ ಮಗಳು ಯಾರದೋ ಬಂಡಿ ಹತ್ತಿ, ಮುಂದೆ ರೈಲು ಹಿಡಿದು ಸುಖವಾಗಿ ಊರು ಸೇರಿದ್ದರು. ಕೇಡು ಸರಿಯಾದ ಜಾಗಕ್ಕೇ ಹೋಯಿತೆಂದು ಅತ್ತೆಗೆ ಎಷ್ಟು ಹಗುರಾಯಿತೆಂದರೆ, ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದರು. ಮತ್ತೊಂದಕ್ಕೆ ಕೈ ಚಾಚಿದಾಗ ನಾನು ಹೋಲ್ಡಾನ್ ಅನ್ನಲಿಲ್ಲ.