ಹ್ಯಾಂಡ್‌ಬ್ರೇಕ್ ಎಳೆದಿದ್ದೆನೇ?

ಅರವತ್ತಮೂರನೆಯ ವಯಸ್ಸಿನಲ್ಲಿ ಸ್ಪೋರ್ಟ್ಸ್ ಕಾರು ಕೊಂಡವನನ್ನು ಜನ ಎರಡು ರೀತಿಯಲ್ಲಿ ನೋಡುತ್ತಾರೆ. ಗುರುತಿಲ್ಲದವರು ಮೊದಲು ಕಾರನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಯಾರದೋ ಕಾರನ್ನು ತೊಳೆಸಲು ತಂದಿರಬೇಕು ಅಂದುಕೊಳ್ಳುತ್ತಾರೆ. ಗುರುತಿದ್ದವರು ನನ್ನ ಹೆಂಡತಿ ವಾರಿಜಳ ಮುಖ ನೋಡಿ ಅಯ್ಯೋ ಪಾಪ ಅನ್ನುತ್ತಾರೆ. ಎರಡೇ ಸೀಟಿನ ಆ ಕೆಂಪು ಕಾರು ನೆಲಕ್ಕೆ ಎಷ್ಟು ಹತ್ತಿರವೆಂದರೆ, ವಾರಿಜ ಪ್ರತಿ ಸಲವೂ ಬಾಗಿಲು ಹಿಡಿದುಕೊಂಡು "ಬಾವಿಗೆ ಇಳಿದ ಹಾಗೆ" ಎಂದು ಗೊಣಗಿಯೇ ಒಳಗೆ ಕೂರುವುದು. ಹೊರಗೆ ಬರಬೇಕಾದರೆ ನಾನು ಅವಳನ್ನು ಎಳೆಯಬೇಕು, ನನ್ನನ್ನು ಎಳೆಯಲು ವಾಚ್‌ಮನ್ ಬರಬೇಕು.

ಕೊಂಡದ್ದು ಸೆಕೆಂಡ್ ಹ್ಯಾಂಡ್. ಮೂವತ್ತು ವರ್ಷ ವಿಮಾ ಸರ್ವೇಯರ್ ಆಗಿ ನುಜ್ಜುಗುಜ್ಜಾದ ಕಾರುಗಳನ್ನೇ ನೋಡುತ್ತಾ ಬಂದವನಿಗೆ ಒಂದಾದರೂ ನೆಟ್ಟಗಿರುವ ಚೆಂದದ ಕಾರನ್ನು ದಿನಾ ನೋಡಬೇಕೆಂಬ ಆಸೆ. ನೋಡುವುದಕ್ಕೇ ಹೊರತು ಓಡಿಸುವುದಕ್ಕಲ್ಲ. ನಾವು ನೆಲೆಸಿರುವ ಈ ತಮಿಳು ಊರು ವೇಲಚೇರಿಯಲ್ಲಿ ಒಂದು ಸಿಗ್ನಲ್ಲಿಂದ ಇನ್ನೊಂದು ಸಿಗ್ನಲ್ಲಿಗೆ ಹೋಗುವಷ್ಟರಲ್ಲಿ ಎರಡನೇ ಗೇರು ಬಿದ್ದರೆ ಅದೇ ಹಬ್ಬ. ಇಂಥ ಊರಿನಲ್ಲಿ ಕಾರು ಎಷ್ಟು ಜೋರಾಗಿ ಓಡುತ್ತದೆ ಎನ್ನುವುದಕ್ಕಿಂತ ನಿಲ್ಲಿಸಿದಲ್ಲಿ ನಿಲ್ಲುತ್ತದೆಯೇ ಎನ್ನುವುದೇ ಮುಖ್ಯ. ಆದರೂ ನಿಲ್ಲುವುದನ್ನು ಹೊಗಳುವವರಿಲ್ಲ. ದೇವರ ವಾಹನಗಳನ್ನೇ ನೋಡಿ. ನವಿಲು, ಗರುಡ ಎಲ್ಲ ಈಗಲೇ ಹೊರಟೆವು ಎನ್ನುವ ಹಾಗೆ ನಿಂತಿರುತ್ತವೆ. ಶಿವನ ಎತ್ತು ಮಾತ್ರ ಕಾಲು ಮಡಚಿ ಕೂತಿದೆ, ಯಜಮಾನ ಬಂದು ಹತ್ತುವ ತನಕ ಕದಲುವುದಿಲ್ಲ. ನನಗೆ ಅದರ ಮೇಲೆ ಮೊದಲಿನಿಂದಲೂ ಗೌರವ, ಈಚೆಗೆ ಇನ್ನೂ ಹೆಚ್ಚಾಗಿದೆ.

ಹೆಚ್ಚಾದದ್ದಕ್ಕೆ ಕಾರಣ ಹೇಳುತ್ತೇನೆ. ನೆರೆಗೆ ಹೆದರಿ ವೇಲಚೇರಿಯಲ್ಲಿ ಹೊಸ ಅಪಾರ್ಟ್‌ಮೆಂಟುಗಳನ್ನೆಲ್ಲ ರಸ್ತೆಗಿಂತ ಎತ್ತರಕ್ಕೆ ಕಟ್ಟಿದ್ದಾರೆ. ನಮ್ಮದೂ ಹಾಗೆಯೇ, ಗೇಟಿನಿಂದ ರಸ್ತೆಗೆ ಕಡಿದಾದ ಇಳಿಜಾರು. ಒಂದು ಬೆಳಿಗ್ಗೆ ಆ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಮರೆತ ತರಕಾರಿ ಚೀಲ ತರಲು ಮೇಲೆ ಹೋದೆ. ಬಾಲ್ಕನಿಯಿಂದ ನೋಡುತ್ತೇನೆ, ನನ್ನ ಕಾರು ಸದ್ದಿಲ್ಲದೆ ಹಿಂದಕ್ಕೆ ಜಾರಿ, ರಸ್ತೆ ದಾಟಿ, ಎದುರಿನ ಎಳನೀರಿನ ರಾಶಿಗೆ ಹೋಗಿ ಒರಗಿತು. ಎಳನೀರು ಮಾರುವ ಪೊನ್ನಮ್ಮ ಕತ್ತಿ ಮಸೆಯಲು ಆಗಷ್ಟೇ ಎದ್ದು ಹೋಗಿದ್ದಳು. ಅವಳು ದಿನವಿಡೀ ಕೂರುವ ಪ್ಲಾಸ್ಟಿಕ್ ಸ್ಟೂಲು ಬಂಪರಿನ ಅಡಿಯಲ್ಲಿ ಚಪ್ಪಟೆಯಾಗಿ ಬಿದ್ದಿತ್ತು. ಆಕೆ ಒಂದು ಮಾತೂ ಬೈಯಲಿಲ್ಲ. ಮೆಟ್ಟಿಲಿಳಿದು ಓಡಿ ಬಂದ ನನಗೆ ಒಂದು ಎಳನೀರು ಕೆತ್ತಿ ಕೊಟ್ಟಳು. ಅದನ್ನು ಕುಡಿಯಲು ನನಗೆ ನಾಚಿಕೆಯಾಯಿತು.

"ಹ್ಯಾಂಡ್‌ಬ್ರೇಕ್ ಎಳೆದೇ ಹೋಗಿದ್ದೆ" ಎಂದು ಸೇರಿದವರಿಗೆಲ್ಲ ಹೇಳಿದೆ. ಹೇಳುವಾಗಲೇ ಆ ವಾಕ್ಯ ನನಗೆ ಚೆನ್ನಾಗಿ ಪರಿಚಯವಿದೆ ಅನ್ನಿಸಿತು. ಮೂವತ್ತು ವರ್ಷದಲ್ಲಿ ಅದೆಷ್ಟು ಡ್ರೈವರುಗಳು ನನ್ನ ಮುಂದೆ ಕೈಕಟ್ಟಿ ನಿಂತು ಅದನ್ನೇ ಹೇಳಿದ್ದರು! ನಾನು ತಲೆಯಾಡಿಸುತ್ತಲೇ ವರದಿಯಲ್ಲಿ "ಚಾಲಕನ ಅಜಾಗರೂಕತೆ" ಎಂದು ಬರೆಯುತ್ತಿದ್ದೆ. ಈಗ ಬಾಗಿಲು ತೆಗೆದು ನೋಡಿದರೆ ಹ್ಯಾಂಡ್‌ಬ್ರೇಕಿನ ಹಿಡಿ ಕೆಳಗೆ ಮಲಗಿತ್ತು. ಗೇರಿನಲ್ಲಾದರೂ ನಿಲ್ಲಿಸಿದ್ದೆನೇ ಎಂದರೆ ಅದೂ ಇಲ್ಲ, ಊರಿಗೆಲ್ಲ ಉಪದೇಶ ಮಾಡಿದವನು ನ್ಯೂಟ್ರಲ್ಲಿನಲ್ಲೇ ಬಿಟ್ಟು ಹೋಗಿದ್ದೆ.

ವಾರಿಜ ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ಯಾಕೆ ಬರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನನ್ನ ಅಣ್ಣ ಟಿ. ನಗರದ ಒಂದು ಹೋಟೆಲಿನಲ್ಲಿ ಸಪ್ಲೈ ನೋಡಿಕೊಳ್ಳುತ್ತಿದ್ದ. ಹನ್ನೆರಡು ಟೇಬಲಿನ ತಿಂಡಿ ಕಾಫಿಯೆಲ್ಲ ಚೀಟಿಯಿಲ್ಲದೆ ಅವನ ತಲೆಯಲ್ಲಿರುತ್ತಿತ್ತು. ಅವನು ಮೊದಮೊದಲು ಮರೆತದ್ದು ನಲ್ಲಿ ನಿಲ್ಲಿಸುವುದನ್ನು, ಆಮೇಲೆ ಗ್ಯಾಸು. ನಿಲ್ಲಿಸಿದ್ದೇನೆ ಎಂದೇ ಅವನು ಸಾಧಿಸುತ್ತಿದ್ದ. ಎರಡು ವರ್ಷದಲ್ಲಿ, ಬಾಗಿಲು ತೆರೆದು ನನ್ನನ್ನೇ ನೋಡಿ "ಯಾರು ಬೇಕಿತ್ತು?" ಎಂದು ಕೇಳಿದ. ಕೊನೆಯ ದಿನಗಳಲ್ಲಿ ಅವನಿಗೆ ಊಟ ಮಾಡಿಸಿದವಳು ವಾರಿಜ.

ಹಾಗಾಗಿ ಅವತ್ತು ಕಾರಿನ ಕೀಲಿ ಸಾಸಿವೆ ಡಬ್ಬಿಯ ಹಿಂದಕ್ಕೆ ಹೋಯಿತು. ಊಟಕ್ಕೆ ಕೂತಾಗ ಅವಳು ಏನೂ ಇಲ್ಲದವಳ ಹಾಗೆ "ಮೊನ್ನೆ ತಿಂಡಿಗೆ ಎಂತ ಮಾಡಿದ್ದೆ ಹೇಳಿ ನೋಡುವ" ಎಂದು ಕೇಳತೊಡಗಿದಳು. ನೀರುದೋಸೆ ಎಂದರೆ ಮುಖ ಅರಳುತ್ತಿತ್ತು. ಒಂದು ಕ್ಷಣ ತಡವಾದರೆ ಸಾರಿನ ಸೌಟು ಗಾಳಿಯಲ್ಲೇ ನಿಲ್ಲುತ್ತಿತ್ತು. ನಾನೇನು ಕಡಿಮೆ? ಬಚ್ಚಲಿನಲ್ಲಿ ಹದಿಮೂರರ ಮಗ್ಗಿ ಹೇಳಿಕೊಂಡು ನನ್ನನ್ನು ನಾನೇ ಪರೀಕ್ಷಿಸುತ್ತಿದ್ದೆ. ಹಿಡಿ ಎಳೆದದ್ದು ನೆನಪಿತ್ತು. ಆದರೆ ಅದು ಆವತ್ತು ಎಳೆದದ್ದೋ, ದಿನಾ ಎಳೆದು ಎಳೆದು ಉಳಿದ ನೆನಪೋ? ಯೋಚಿಸಿದಷ್ಟೂ ಹೆದರಿಕೆಯಾಗುತ್ತಿತ್ತು. ಕೊನೆಗೆ ಅವಳು ನರರೋಗದ ಡಾಕ್ಟರರ ಹತ್ತಿರ ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ಮಾಡಿಸಿದಳು. ಬುಧವಾರ ಕಾರನ್ನು ಮೆಕ್ಯಾನಿಕ್ಕಿಗೆ ತೋರಿಸೋಣ, ಬ್ರೇಕು ಸರಿಯಾಗಿದೆ ಎಂದು ಅವನಂದರೆ ಮಾರನೇ ದಿನ ತಕರಾರಿಲ್ಲದೆ ಡಾಕ್ಟರರಲ್ಲಿಗೆ ಬರುತ್ತೇನೆ ಎಂದು ನಾನು ಒಪ್ಪಂದ ಮಾಡಿಕೊಂಡೆ. ಕಾರು ಕೆಟ್ಟಿರಲಿ ದೇವರೇ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡೆ.

ಬುಧವಾರ ಮೆಕ್ಯಾನಿಕ್ ಇರುವ ಕ್ರೋಂಪೇಟೆಗೆ ಹೊರಟ ನಮ್ಮ ಸವಾರಿಯನ್ನು ನೀವು ನೋಡಬೇಕಿತ್ತು. ವಾರಿಜ ತೊಡೆಯ ಮೇಲೆ ಒಂದು ಇಟ್ಟಿಗೆ ಇಟ್ಟುಕೊಂಡು ಕೂತಿದ್ದಳು, ಎಲ್ಲಾದರೂ ನಿಲ್ಲಿಸಿದರೆ ಚಕ್ರಕ್ಕೆ ಕೊಡಲಿಕ್ಕೆ. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ಬಗ್ಗಿ ನೋಡಿ, ಕೆಂಪು ಸ್ಪೋರ್ಟ್ಸ್ ಕಾರು, ಮುದುಕ, ಇಟ್ಟಿಗೆ ಹಿಡಿದ ಹೆಂಗಸು ಮೂರನ್ನೂ ಕೂಡಿಸಿ ಲೆಕ್ಕ ಹಾಕಲಾಗದೆ ಮುಂದೆ ಹೋದ.

ಮೆಕ್ಯಾನಿಕ್ ಎಬಿನೇಸರ್ ನನಗೆ ಸರ್ವೇಯ ಕಾಲದಿಂದ ಪರಿಚಯ. ಐವತ್ತು ದಾಟಿದೆ, ಮಾತು ಕಡಿಮೆ. ಒಂದು ದೊಡ್ಡ ಮರದ ನೆರಳೇ ಅವನ ಗ್ಯಾರೇಜು. ಅವನು ಕೆಲಸ ಮಾಡುವುದನ್ನು ನೋಡುತ್ತಿದ್ದರೆ ನಾನು ಬರೆದ ವರದಿಗಳನ್ನೆಲ್ಲ ಹರಿದು ಹಾಕೋಣ ಅನ್ನಿಸುತ್ತದೆ. ಜ್ಯಾಕು ಕೊಟ್ಟು ಹಿಂದಿನ ಚಕ್ರಗಳನ್ನು ಎತ್ತಿದ. ಹಿಡಿ ಎಳೆದು ಚಕ್ರ ತಿರುಗಿಸಿ ನೋಡಿದ, ಜಪ್ಪಯ್ಯ ಎಂದರೂ ತಿರುಗಲಿಲ್ಲ. ಕೆಳಗೆ ನುಗ್ಗಿ ಕೇಬಲ್ಲನ್ನು ವೀಣೆಯ ತಂತಿ ನೋಡುವ ಹಾಗೆ ಮೀಟಿದ. ಎದ್ದು ಬಂದು ಕೈ ಒರೆಸಿಕೊಂಡು, "ಬ್ರೇಕ್ ನಲ್ಲಾ ಇರುಕ್ಕು ಸಾರ್" ಅಂದ. ಬ್ರೇಕ್ ಚೆನ್ನಾಗಿದೆಯಂತೆ. ನನಗೆ ವಾರಿಜಳ ಕಡೆ ನೋಡುವ ಧೈರ್ಯವಾಗಲಿಲ್ಲ.

ಅವನು ಅಷ್ಟಕ್ಕೇ ಬಿಡಲಿಲ್ಲ. ನನ್ನನ್ನು ಕಾರಿನಲ್ಲಿ ಕೂರಿಸಿ ತಾನೂ ಪಕ್ಕದಲ್ಲಿ ಕೂತ. ಬೀದಿಯ ತುದಿಗೆ ಹೋಗಿ ನಿಲ್ಲಿಸಿ, ಇಳಿದು, ಮತ್ತೆ ಬನ್ನಿ ಅಂದ. ದಾರಿಯುದ್ದಕ್ಕೂ ಹಳೆಯ ಆಫೀಸಿನ ಸುದ್ದಿ, ಮಗಳ ಕಾಲೇಜು, ಮಾವಿನಕಾಯಿ ಉಪ್ಪಿನಕಾಯಿ, ಬಾಯಿಗೆ ಬಂದದ್ದೆಲ್ಲ ಮಾತಾಡಿದ. ಮಾತು ಕಡಿಮೆಯ ಮನುಷ್ಯನಿಗೆ ಇವತ್ತು ಏನಾಯಿತು ಅಂದುಕೊಂಡೆ. ಹೀಗೆ ನಾಲ್ಕು ಸಲ ಸುತ್ತಿದ ಮೇಲೆ ವಾರಿಜಳ ಹತ್ತಿರ ಹೋಗಿ ಹೇಳಿದ: "ಅಮ್ಮಾ, ಸಾರ್ ಕೈ ಮರಕ್ಕಲೆ." ಸಾರ್ ಕೈ ಮರೆತಿಲ್ಲ. ನನ್ನನ್ನು ಮಾತಿಗೆಳೆದು, ನಾಲ್ಕು ಸಲವೂ ಆ ಕೈ ತಾನಾಗಿಯೇ ಹಿಡಿ ಎಳೆಯುವುದನ್ನು ಅವನು ನೋಡುತ್ತಾ ಕೂತಿದ್ದ! ಕಾರಿನ ಜೊತೆಗೆ ಡ್ರೈವರನ್ನೂ ಪರೀಕ್ಷೆ ಮಾಡಬೇಕೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ನಾನು ಮಾಡುತ್ತಿದ್ದದ್ದು ವಿಚಾರಣೆ.

ಆಮೇಲೆ ಅವನು ಮಾಡಿದ್ದು ಇನ್ನೂ ದೊಡ್ಡದು. ಏನೂ ಮಾಡದೆ ಕೂತ. ಕಾರನ್ನು ಚರಂಡಿಯ ಪಕ್ಕದ ಏರಿನಲ್ಲಿ ನಿಲ್ಲಿಸಿ, ಹಿಡಿ ಎಳೆಸಿ, ಚಕ್ರದಿಂದ ನಾಲ್ಕು ಬೆರಳು ದೂರದಲ್ಲಿ ನಮ್ಮ ಇಟ್ಟಿಗೆ ಇಟ್ಟು, ಬಾಗಿಲು ತೆರೆದಿಟ್ಟುಕೊಂಡು ಟೀ ಕುಡಿಯುತ್ತಾ ಹಿಡಿಯನ್ನೇ ನೋಡಿದ. ಹತ್ತು ನಿಮಿಷ, ಹದಿನೈದು ನಿಮಿಷ. ಇಷ್ಟು ತಾಳ್ಮೆಯಿಂದ ಒಂದು ವಸ್ತುವನ್ನು ನೋಡಿದವರನ್ನು ನಾನು ಕಂಡಿಲ್ಲ. ರಸ್ತೆಯಲ್ಲಿ ಒಂದು ಲಾರಿ ಗಡಗಡ ಹೋಯಿತು. ಟಕ್ ಎಂದಿತು. ಹಿಡಿ ತಾನಾಗಿಯೇ ಕೆಳಗೆ ಬಿತ್ತು, ಕಾರು ಜಾರಿ ಇಟ್ಟಿಗೆಗೆ ತಾಗಿ ನಿಂತಿತು. ನನಗೆ ಕುಣಿಯೋಣ ಅನ್ನಿಸಿತು.

ಎಬಿನೇಸರ್ ಹಿಡಿಯ ಬುಡದ ಚರ್ಮದ ಕವಚ ಬಿಚ್ಚಿದ. ಒಳಗೆ ಗರಗಸದಂತೆ ಹಲ್ಲಿರುವ ಒಂದು ತಗಡು, ಎಳೆದಾಗ ಆ ಹಲ್ಲಿಗೆ ಸಿಕ್ಕಿ ಹಿಡಿಯನ್ನು ತಡೆಯುವ ಒಂದು ಕೊಕ್ಕೆ. ಹಲ್ಲುಗಳ ಬುಡಕ್ಕೆ ಏನೋ ಗಟ್ಟಿಯಾಗಿ ಕೂತು, ಕೊಕ್ಕೆ ಪೂರ್ತಿ ಇಳಿಯದೆ ಅಂಚಿನಲ್ಲಿ ಮಾತ್ರ ನಿಲ್ಲುತ್ತಿತ್ತು. ಅವನು ಟಾರ್ಚು ಬಿಟ್ಟು ನೋಡಿದ, ನನ್ನ ಮುಖ ನೋಡಿದ. ಆಮೇಲೆ ಒಂದು ಶುಭ್ರ ಕಾಗದ ತರಿಸಿ, ನೆಲಕ್ಕೆ ಬೀಳದ ಹಾಗೆ, ಕಾಲಿಗೆ ಸಿಗದ ಹಾಗೆ, ಅದನ್ನೆಲ್ಲ ಸೂಜಿಯಿಂದ ಎತ್ತಿ ಎತ್ತಿ ಅದರ ಮೇಲೆ ಇಟ್ಟ. ಒಣಗಿದ ಗಂಧ, ಕುಂಕುಮ, ಒಂದು ಸೇವಂತಿಗೆ ಎಸಳು, ಅರಿಶಿನ ಹಚ್ಚಿದ ಏಳೆಂಟು ಅಕ್ಕಿಕಾಳು. ಆಯುಧಪೂಜೆಯ ದಿನ ಸ್ಟಿಯರಿಂಗು, ಗೇರು, ಹ್ಯಾಂಡ್‌ಬ್ರೇಕು ಯಾವುದನ್ನೂ ಬಿಡದೆ ಅರ್ಚನೆ ಮಾಡಿದವಳು ವಾರಿಜ. ಹಳೇ ಗಾಡಿಗಳಲ್ಲಿ ಕಸ ಸೇರುವುದು ಸಹಜ ಅಮ್ಮಾ ಎಂದು ಎಬಿನೇಸರ್ ಬೇರೆಲ್ಲೋ ನೋಡುತ್ತಾ ಹೇಳಿದ. ದಿನಾ ಕೊರಳಲ್ಲಿ ಶಿಲುಬೆ ಹಾಕಿಕೊಳ್ಳುವ ಮನುಷ್ಯ, ನಮ್ಮ ದೇವರನ್ನೂ ನನ್ನ ಹೆಂಡತಿಯನ್ನೂ ಒಂದೇ ಮಾತಿನಲ್ಲಿ ಕಾಪಾಡಲು ನೋಡಿದ.

ವಾರಿಜ ಕನ್ನಡಕ ಹಾಕಿಕೊಂಡು ಬಗ್ಗಿದಳು. ನಾನು ಸಿದ್ಧನಾಗಿಯೇ ಇದ್ದೆ. ಇಷ್ಟು ದಿನ ಸಾಸಿವೆ ಡಬ್ಬಿ, ನೀರುದೋಸೆ, ಡಾಕ್ಟರು ಎಂದು ನನ್ನನ್ನು ಅರೆದದ್ದಕ್ಕೆ ಒಂದು ಭಾಷಣವೇ ನಾಲಿಗೆಯ ತುದಿಯಲ್ಲಿತ್ತು. ಅವಳು ಒಂದು ಅಕ್ಕಿಕಾಳನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದಳು.

"ಇದು ನಮ್ಮ ಅಕ್ಷತೆ. ಹಾಗಾದ್ರೆ ನೀವು ಎಳೆದದ್ದು ಹೌದು" ಅಂದಳು. "ತಪ್ಪು ನಂದೇ ಮಾರಾಯ್ರೆ."

ಮದುವೆಯಾಗಿ ಮೂವತ್ತಾರು ವರ್ಷ. ಸಾರಿಗೆ ಉಪ್ಪು ಹೆಚ್ಚಾದರೆ ಉಪ್ಪಿನದ್ದು ತಪ್ಪು, ರೈಲು ತಪ್ಪಿದರೆ ರೈಲಿನದ್ದು. ತಪ್ಪು ನಂದು ಎಂಬ ಮಾತು ಆ ಬಾಯಿಂದ ಬಂದದ್ದನ್ನು ನಾನು ಕೇಳಿರಲೇ ಇಲ್ಲ. ಕೇಳಿದ ದಿನ ಗೆಲ್ಲಬೇಕೆಂದು ಎಷ್ಟೋ ವರ್ಷದಿಂದ ಕಾದಿದ್ದೆ, ಈಗ ಆ ಭಾಷಣದ ಒಂದಕ್ಷರವೂ ನನಗೆ ಬೇಡವಾಯಿತು.

ಎಬಿನೇಸರ್ ಸೀಮೆಎಣ್ಣೆಯಲ್ಲಿ ಹಲ್ಲುಗಳನ್ನು ಉಜ್ಜಿ, ಕೊಕ್ಕೆಯ ಸ್ಪ್ರಿಂಗು ಬದಲಿಸಿ, ಕಾರನ್ನು ಅದೇ ಏರಿನಲ್ಲಿ ನಿಲ್ಲಿಸಿದ. ಇಟ್ಟಿಗೆ ತೆಗೆದ. ಬಂಪರಿಗೆ ಬೆನ್ನು ಕೊಟ್ಟು ತನ್ನ ಸ್ಟೂಲು ಹಾಕಿಕೊಂಡು ಕೂತು, ಇನ್ನೊಂದು ಟೀ ತರಿಸಿದ. ಮೂರು ಲಾರಿ ಹೋದವು. ಅವನು ತಿರುಗಿಯೂ ನೋಡಲಿಲ್ಲ. ನನ್ನ ಯಾವ ವರದಿಯ ಕೆಳಗೂ ನಾನು ಇಷ್ಟು ಧೈರ್ಯವಾಗಿ ಸಹಿ ಹಾಕಿದವನಲ್ಲ.

ವಾರಿಜ ಮರದ ಆಚೆ ನಿಂತು ಡಾಕ್ಟರರ ಕ್ಲಿನಿಕ್ಕಿಗೆ ಫೋನು ಹಚ್ಚಿದ್ದಳು. ನಾಳೆ ಬರುವುದಿಲ್ಲ ಎಂದರೆ ಮುಗಿಯುತ್ತಿತ್ತು. ಇವಳು ಆ ಕಡೆಯ ಹುಡುಗಿಗೆ ತನ್ನ ತಮಿಳಿನಲ್ಲಿ ಆಯುಧಪೂಜೆಯಿಂದ ಶುರುಮಾಡಿ, ಅಕ್ಷತೆ, ಹಲ್ಲು, ಕೊಕ್ಕೆ ಎಲ್ಲ ವಿವರಿಸುತ್ತಿದ್ದಳು. ಪಾಪ, ಆ ಹುಡುಗಿಗೆ ಏನು ಅರ್ಥವಾಯಿತೋ. "ಇಲ್ಲಮ್ಮಾ, ಅವರಿಗೆ ಒಣ್ಣುಂ ಇಲ್ಲೆ, ತಪ್ಪು ಎನ್ನೋಡದು" ಎಂದು, ಅವರಿಗೆ ಏನೂ ಆಗಿಲ್ಲ ತಪ್ಪು ನನ್ನದು ಎಂದು, ಇವಳು ಒಂದು ಸಲ ಹೇಳಿದಳು. ನಗುತ್ತಾ ಇನ್ನೊಂದು ಸಲ ಹೇಳಿದಳು. ಮೂರನೇ ಸಲ ಹೇಳುವಾಗ ಸೆರಗು ಕಣ್ಣಿಗೆ ಹೋಗಿತ್ತು.